ಬೇವಿನ ನೆರಳಲ್ಲಿ ನಡೆದ ವಿಚಾರಣೆ

ಮಧ್ಯಾಹ್ನ ಒಂದು ಗಂಟೆ ನಲವತ್ತು ನಿಮಿಷಕ್ಕೆ ನಾನು ಒಂದು ಕಲ್ಲನ್ನು ಎತ್ತಿ ಬುಟ್ಟಿಯ ಮೇಲಿಟ್ಟೆ. ಬೀದರಿಗೆ ಹೋಗುವ ಬಸ್ಸಿಗೆ ಇನ್ನೆಷ್ಟು ಹೊತ್ತಿದೆ ಎಂದು ಆಗಷ್ಟೇ ಮೊಬೈಲ್ ನೋಡಿದ್ದೆ, ಅದಕ್ಕೇ ಸಮಯ ಇಷ್ಟು ಖಚಿತ. ಬುಟ್ಟಿಯೊಳಗೆ ಕುರಿಮರಿಗಳಿದ್ದವು. ನನ್ನ ತಂಗಿಯ ಇಬ್ಬರು ಹೆಣ್ಣುಮಕ್ಕಳೂ ಇದ್ದರು. ಈ ಎರಡನೆಯ ಸಂಗತಿ ನನಗೂ ಭಾಲ್ಕಿಯ ಆ ಓಣಿಗೂ ಗೊತ್ತಾದದ್ದು ಸಂಜೆ ಆರೂಕಾಲಿಗೆ.

ನಡುವಿನ ಆ ನಾಲ್ಕೂವರೆ ಗಂಟೆಯನ್ನು ಇಂದಿಗೂ ಹಿಂದೆ ಮುಂದೆ ಓಡಿಸಿ ನೋಡುತ್ತಿರುತ್ತೇನೆ. ಕಲ್ಲು ಇಡುವ ಮೊದಲು ಒಮ್ಮೆ ಸಂದಿಯಲ್ಲಿ ಇಣುಕಬೇಕು ಎಂದು ಪ್ರತಿ ಸಲ ಅಂದುಕೊಳ್ಳುತ್ತೇನೆ. ಪ್ರತಿ ಸಲವೂ ಇಣುಕುವುದಿಲ್ಲ.

ತಂಗಿಯ ಮನೆ ಊರ ಅಂಚಿನಲ್ಲಿ, ಓಣಿ ಮುಗಿದು ಹೊಲ ಶುರುವಾಗುವ ಕಡೆ. ಅವಳ ಮಾವನಿಗೆ, ಅಂದರೆ ಮಕ್ಕಳ ಮುತ್ಯಾನಿಗೆ, ನಲವತ್ತು ಕುರಿಗಳಿವೆ. ಬೆಳಿಗ್ಗೆ ತಾಯಿಕುರಿಗಳನ್ನು ಹೊಡೆದುಕೊಂಡು ಹೊರಡುವಾಗ ದೂರ ನಡೆಯಲಾರದ ಎಳೆಮರಿಗಳನ್ನು ಅಂಗಳದ ಬೇವಿನ ಮರದ ಕೆಳಗೆ ಬಿಟ್ಟು, ಮೇಲೆ ತೊಗರಿ ಕಟ್ಟಿಗೆಯಲ್ಲಿ ಹೆಣೆದ ದೊಡ್ಡ ಬುಟ್ಟಿಯನ್ನು ಬೋರಲು ಹಾಕುತ್ತಾರೆ. ನಾಯಿ ಕೆಡವದಂತೆ ಅದರ ಮೇಲೊಂದು ಕಲ್ಲು. ಸಂಜೆ ತಾಯಂದಿರು ಮರಳುವ ತನಕ ಆ ಬುಟ್ಟಿಯನ್ನು ಯಾರೂ ಎತ್ತುವುದಿಲ್ಲ. ಎತ್ತಿದರೆ ಮರಿಗಳು ದಿಕ್ಕಿಗೊಂದು ಓಡುತ್ತವೆ, ಹಿಡಿಯುವಷ್ಟರಲ್ಲಿ ಹೊತ್ತು ಮುಳುಗುತ್ತದೆ. ಹೀಗಾಗಿ ಹಗಲು ಹೊತ್ತಿನಲ್ಲಿ ಆ ಮನೆಯವರ ಕಣ್ಣಿಗೆ ಬುಟ್ಟಿ ಬುಟ್ಟಿಯಲ್ಲ, ಮರದ ಬೇರಿನಂಥದು. ಅವತ್ತು ಮಕ್ಕಳನ್ನು ನೀರಿನ ಡ್ರಮ್ಮಿನಲ್ಲಿ ಹುಡುಕಿದರು, ಜೋಳದ ಕಣಕಿ ಬಣವೆಯಲ್ಲಿ ಹುಡುಕಿದರು, ಹೊಲದ ಬಾವಿಗೆ ಪಾತಾಳಗರಡಿಯನ್ನೂ ಬಿಟ್ಟರು. ನಡು ಅಂಗಳದ ಬುಟ್ಟಿಯನ್ನು ಮಾತ್ರ ಸುತ್ತು ಹಾಕಿಕೊಂಡು ಹೋಗಿ ಹುಡುಕಿದರು.

ಕಲ್ಲು ನೆಲಕ್ಕೆ ಬಿದ್ದಿದ್ದನ್ನು ನೋಡಿ, ನಾಯಿಯದೇ ಕೆಲಸ ಎಂದುಕೊಂಡು ಮೇಲಿಟ್ಟವಳು ನಾನು. ಆರು ವರ್ಷದ ದೊಡ್ಡವಳು ಬುಟ್ಟಿಯ ಅಂಚೆತ್ತಿ, ಮೂರು ವರ್ಷದ ಚಿಕ್ಕವಳನ್ನು ಒಳಗೆ ತಳ್ಳಿ ತಾನೂ ನುಸುಳಿದ್ದಳು. ಬಿಳಿಮರಿಯ ಪಕ್ಕದಲ್ಲಿ ಮಲಗಬೇಕೆಂಬುದು ಚಿಕ್ಕವಳ ಹಟ. ಇಬ್ಬರೂ ಮಲಗಿಯೇಬಿಟ್ಟರು.

ಎರಡು ಗಂಟೆಗೆ ತಂಗಿ ಊಟಕ್ಕೆ ಕರೆದಳು. ಮೂರಕ್ಕೆ ಅಂಗಳದಲ್ಲಿ ನಲವತ್ತು ಜನ. ಹುಡುಕಿದವರು ದಣಿದು ನೆರಳಿಗೆ ಬಂದು ಕೂತರು. ಕೂತ ಮೇಲೆ ಬಾಯಿ ಸುಮ್ಮನಿರಬೇಕಲ್ಲ. ಬಾಜೂ ಮನೆಯ ಆಯಿ, ಓಣಿಗೆಲ್ಲ ಹಿರಿಯ ಮುದುಕಿ, ತನ್ನ ಮಣೆಯನ್ನು ತಾನೇ ತಂದುಕೊಂಡು, ಬುಟ್ಟಿಗೆ ಬೆನ್ನು ಕೊಟ್ಟು ಕೂತಳು. ನ್ಯಾಯಾಧೀಶರಿಗೆ ಕುರ್ಚಿ ಸಿಕ್ಕಂತಾಯಿತು.

ಮೊದಲು ತಂಗಿಯ ಸರದಿ. ಅವಳ ಕಣ್ಣಲ್ಲಿ ನೀರಿಲ್ಲ ಎಂಬುದು ಎಲ್ಲರಿಗೂ ಕಂಡಿತ್ತು. ಯಾರೋ ಕೊಟ್ಟ ನೀರನ್ನು ಒಂದು ಗುಟುಕು ಕುಡಿದಳು; ಮಕ್ಕಳು ಕಾಣದಿರುವಾಗ ಗಂಟಲಲ್ಲಿ ನೀರಾದರೂ ಹೇಗೆ ಇಳಿಯುತ್ತದೆ ಎಂಬ ಪ್ರಶ್ನೆ ಎದ್ದಿತು. ಆಮೇಲೆ ಗೋಡೆಗೊರಗಿ ಅತ್ತಳು. ಇಷ್ಟು ಹೊತ್ತು ಬಿಟ್ಟು ಈಗೇಕೆ ಅಳು ಎಂದು ಇನ್ನೊಂದು ಪ್ರಶ್ನೆ. ಮೊಬೈಲಿನಲ್ಲಿ ಮುಳುಗಿದ್ದಳಂತೆ ಎಂದವರ ಕೈಯಲ್ಲೂ ಮೊಬೈಲಿತ್ತು.

ಆದರೆ ತಂಗಿ ಎದುರಿಗಿದ್ದಳು, ಅದಕ್ಕೇ ಸ್ವಲ್ಪ ಸಪ್ಪೆ. ಅವಳ ಗಂಡ ಎದುರಿಗಿರಲಿಲ್ಲ. ಟಂಟಂ ಆಟೊ ಓಡಿಸುವವನು, ಔರಾದಿಗೆ ಟೈರು ತರಲು ಹೋಗುತ್ತೇನೆಂದು ಬೆಳಿಗ್ಗೆ ಹೇಳಿ ಹೋಗಿದ್ದ. ಫೋನು ಬಂದ್. ಔರಾದಿನ ಟೈರು ಅಂಗಡಿಗೆ ಯಾರೋ ಫೋನು ಹಚ್ಚಿದರು. ಅಲ್ಲಿಗೆ ಅವನು ಬಂದೇ ಇಲ್ಲ. ಕಾದ ಬಾಣಲೆಗೆ ಬಜ್ಜಿ ಬಿದ್ದಂತಾಯಿತು. ಚುರ್ರೆಂದು ಎಲ್ಲರೂ ಒಟ್ಟಿಗೆ.

ಆಯಿ ತೀರ್ಪನ್ನು ಮೆಲುದನಿಯಲ್ಲೇ ಕೊಟ್ಟಳು. "ಎರಡೂ ಹೆಣ್ಣಽ ಅದಾವಲ್ಲವ್ವಾ. ಔರಾದದಾಗ ಯಾರಿಗೋ ಕೊಡ್ಲಿಕ್ಕಿ ಮಧ್ಯಾಹ್ನ ಬಂದು ಒಯ್ದಾನ. ನಾ ಅನ್ನಂಗಿಲ್ಲ, ಮಂದಿ ಅಂತಾರ."

ನಾನು ಕಾಲೇಜು ಕಲಿತವಳು, ನಾಲ್ಕು ಜನಕ್ಕಿಂತ ಹೆಚ್ಚು ವಿಚಾರ ಮಾಡಬೇಕಾದವಳು. ಬೆಳಿಗ್ಗೆ ಗಂಡ ಹೆಂಡತಿ ಜಗಳಾಡಿದ್ದರೇನು ಎಂದು ಒಬ್ಬರು ಕೇಳಿದರು. ಸ್ವಲ್ಪ ಮಾತಾಗಿತ್ತು ಎಂದೆ. ನನ್ನ ಆ ಎರಡು ಶಬ್ದ ಗೇಟಿನ ತನಕ ನಡೆದು ಹೋಗಿ, ಅವನು ಅವಳನ್ನು ಹೊಡೆದಿದ್ದನಂತೆ ಎಂದಾಗಿ ನನ್ನ ಬಳಿಗೇ ಮರಳಿ ಬಂತು. ನಿಜಕ್ಕೂ ಮಾತಾಗಿದ್ದು ಅವನ ದವಡೆ ಹಲ್ಲಿನ ಬಗ್ಗೆ. ಕೀಳಿಸಿಕೋ ಎಂದು ಇವಳು, ಲವಂಗ ಇಟ್ಟರೆ ಸಾಕು ಎಂದು ಅವನು. ಅದನ್ನು ಹೇಳಲು ಬಾಯಿ ತೆರೆಯುವಷ್ಟರಲ್ಲಿ ಬೀದರಿನ ಗೆಳತಿಯಿಂದ ನನ್ನ ಮೊಬೈಲಿಗೆ ಒಂದು ಸಂದೇಶ ಬಂತು. ಭಾಲ್ಕಿಯಲ್ಲಿ ಹೆತ್ತವರೇ ಮಕ್ಕಳನ್ನು ಮಾಯ ಮಾಡಿದ್ದಾರಂತೆ, ತಂಗಿಯ ಮನೆ ಅದೇ ಕಡೆಯಲ್ಲವೇ, ಆ ಮನೆಯವರಿಂದ ದೂರವಿರಲು ಹೇಳು ಎಂದು ಅದರಲ್ಲಿತ್ತು. ಜೊತೆಗೆ ನಮ್ಮ ಮಕ್ಕಳದೇ ಫೋಟೊ.

ಐದು ಗಂಟೆಗೆ ಅವನು ಬಂದ. ಔರಾದಿಗೆ ಹೋದವನ ಟಂಟಂ ಬೀದರ್ ರಸ್ತೆಯಿಂದ ಬಂತು. ಒಂದು ಗಲ್ಲ ಹಬ್ಬದ ಕಡುಬಿನಂತೆ ಉಬ್ಬಿತ್ತು. ಎಲ್ಲಿದ್ದೆ, ಮಕ್ಕಳೆಲ್ಲಿ ಎಂದು ಎಲ್ಲರೂ ಕೇಳುತ್ತಿದ್ದರೆ ಅವನು ಊಂ ಊಂ ಎನ್ನುತ್ತಿದ್ದ. ಕೈಯಲ್ಲಿದ್ದ ಕರವಸ್ತ್ರದಲ್ಲಿ ರಕ್ತ.

ಇಬ್ಬರು ಅವನ ಕಾಲರು ಹಿಡಿದರು. ಮೂರನೆಯವನು ಕೈ ಎತ್ತಿದ. ನಾನು ಒಂದು ಹೆಜ್ಜೆ ಹಿಂದೆ ಸರಿದೆ. ಏಳೆಂಟು ವರ್ಷ ನನ್ನ ಕೈಯಿಂದ ಚಹಾ ಕುಡಿದ ಮನುಷ್ಯನಿಂದ ಒಂದು ಹೆಜ್ಜೆ ಹಿಂದೆ. ಕಲ್ಲಿನ ನಂತರ ನನಗೆ ಪದೇ ಪದೇ ಕಾಣುವುದು ಆ ಹೆಜ್ಜೆ.

ತಂಗಿ ಸರಿಯಲಿಲ್ಲ. ಜನರ ನಡುವೆ ನುಗ್ಗಿ, ಸಂತೆಯಲ್ಲಿ ಕುರಿಯ ವಯಸ್ಸು ನೋಡುವವರಂತೆ ಗಂಡನ ತುಟಿ ಬಿಡಿಸಿ ಬಾಯಲ್ಲಿ ಇಣುಕಿದಳು. ರಕ್ತದ ಹತ್ತಿಯುಂಡೆ ಹೊರಗೆ ತೆಗೆದು ಎಲ್ಲರಿಗೂ ತೋರಿಸಿದಳು.

"ಹಲ್ಲ ಕೀಳಿಸ್ಕೊಂಡಾರ. ನೋಡ್ರಿ. ಕಾಲರ್ ಬಿಡ್ರಿ ಅವರದು."

ಎತ್ತಿದ ಕೈ ಇಳಿಯಿತು, ಕಾಲರು ಮಾತ್ರ ಬಿಡಲಿಲ್ಲ. ಹಲ್ಲು ಕೀಳಿಸಿಕೊಂಡವನು ಮಕ್ಕಳನ್ನು ಕೊಡಬಾರದು ಎಂದೇನಿದೆ ಎಂದು ಆಯಿ ಕುಳಿತಲ್ಲಿಂದಲೇ ಕೇಳಿದಳು. ಮಾತಿನಲ್ಲಿ ತರ್ಕವಿತ್ತು. ಪೊಲೀಸರು ಬರಲಿ ಎಂದಾಯಿತು.

ಪೊಲೀಸರಿಗಿಂತ ಮೊದಲು ಕುರಿಗಳು ಬಂದವು. ಮುತ್ಯಾನ ಹತ್ತಿರ ಮೊಬೈಲಿಲ್ಲ. ಅವನಿಗೆ ಏನೂ ಗೊತ್ತಿಲ್ಲ. ಕೆಚ್ಚಲು ತುಂಬಿದ ತಾಯಿಕುರಿಗಳು ಅಷ್ಟು ಜನರನ್ನೂ ದಬ್ಬಿಕೊಂಡು ಬೇವಿನ ಮರಕ್ಕೆ ನುಗ್ಗಿದವು. ಮುತ್ಯಾ ಆಯಿಯನ್ನು ಮಣೆಯಿಂದ ಏಳಿಸಿ, ಕಲ್ಲು ತೆಗೆದು, ಬುಟ್ಟಿ ಎತ್ತಿದ. ಒಂಬತ್ತು ಮರಿ ಹಾರಿ ಓಡಿದವು. ಬೆವರಿನಲ್ಲಿ ತೊಯ್ದ ಇಬ್ಬರು ಹುಡುಗಿಯರು ಅಲ್ಲೇ ಕೂತಿದ್ದರು. ದೊಡ್ಡವಳ ಅಂಗೈ ಚಿಕ್ಕವಳ ಬಾಯಿಯ ಮೇಲಿತ್ತು.

ಮುತ್ಯಾ ಇಬ್ಬರನ್ನೂ ನೋಡಿದ, ನಲವತ್ತು ಜನರನ್ನೂ ನೋಡಿದ. "ಈ ಎರಡಕ್ಕ ಯಾವ ಕುರಿ ಹಾಲ ಕೊಡ್ತದ?" ಎಂದ.

ಹತ್ತು ನಿಮಿಷದಲ್ಲಿ ಓಣಿಯ ಅರ್ಧ ಜನ, ಮಕ್ಕಳು ಇಲ್ಲೇ ಎಲ್ಲೋ ಇದ್ದಾರೆಂದು ಮೊದಲೇ ಹೇಳಿದ್ದವರಾಗಿದ್ದರು. ಕಾಲರು ಹಿಡಿದವರಲ್ಲೊಬ್ಬ ಅದನ್ನು ನೇರ ಮಾಡಿ, ತನಗೂ ಒಂದು ಹಲ್ಲು ತೊಂದರೆ ಕೊಡುತ್ತಿದೆ, ಬೀದರಿನ ಆ ಡಾಕ್ಟರ ಕೈ ಹೇಗೆ ಎಂದು ವಿಚಾರಿಸಿದ.

ಎಚ್ಚರವಾದ ಮೇಲೆ ಯಾಕೆ ಕೂಗಲಿಲ್ಲ ಎಂದು ದೊಡ್ಡವಳನ್ನು ಯಾರೂ ಕೇಳಲಿಲ್ಲ. ಅವಳೇ ಕೇಳಿದಳು, ತಾಯಿ ಮೈ ತೊಳೆಸುತ್ತಿದ್ದಾಗ, ಬಾಗಿಲಲ್ಲಿ ನಿಂತಿದ್ದ ತಂದೆಯನ್ನು.

"ಅಪ್ಪಾ, ನಮ್ಮನ್ನ ಯಾರಿಗಿ ಕೊಡಾಂವ ಇದ್ದಿ?"

ಹೊಸ ಹತ್ತಿ ಇಟ್ಟುಕೊಂಡಿದ್ದ ಅವನಿಗೆ ಮಾತು ಹೊರಡಲಿಲ್ಲ. ಆ ಮೌನವನ್ನೂ ಅವಳು ಉಳಿದ ಸಾಕ್ಷಿಗಳ ಜೊತೆ ಸೇರಿಸಿಕೊಂಡಳು.

ಅಂದಿನಿಂದ ಆ ಮನೆಗೆ ನಿದ್ದೆಯಿಲ್ಲ. ದೊಡ್ಡವಳು ರಾತ್ರಿ ಮೂರು ಸಲ ಏಳುತ್ತಿದ್ದಳು, ಚಿಕ್ಕವಳು ಇದ್ದಾಳೋ ಎಂದು ಮುಟ್ಟಿ ನೋಡುತ್ತಿದ್ದಳು, ತಂದೆ ಮಗ್ಗುಲು ಬದಲಿಸಿದರೆ ಎದ್ದು ಕೂರುತ್ತಿದ್ದಳು. ಟಂಟಂ ಹತ್ತುತ್ತಲೇ ಇರಲಿಲ್ಲ. ಅವನು ಆಣೆ ಮಾಡಿದ, ಪೇಢೆ ತಂದ. ನಡೆಯಲಿಲ್ಲ. ಅವಳು ಅಷ್ಟು ಜನ ಹಿರಿಯರ ಮಾತು ಕೇಳಿದವಳು, ಒಬ್ಬನ ಮಾತನ್ನು ಹೇಗೆ ನಂಬುತ್ತಾಳೆ? ಮುಖ್ಯವಾಗಿ, ಅವನು ಔರಾದ್ ಎಂದು ಸುಳ್ಳು ಹೇಳಿದ್ದು ನಿಜವಾಗಿತ್ತು. ಯಾಕೆ ಎಂದು ತಂಗಿ ಕೇಳಿದರೆ ಮುಖ ತಿರುಗಿಸುತ್ತಿದ್ದ.

ವಾರದ ಮೇಲೆ ಹೊಲಿಗೆ ಬಿಚ್ಚಿಸಲು ಬೀದರಿಗೆ ಬಂದಾಗ ದೊಡ್ಡವಳನ್ನೂ ಕರೆಸಿಕೊಂಡ. ಅವಳು ತಾಯಿಯ ಜೊತೆ ಬಸ್ಸಿನಲ್ಲಿ ಬಂದಳು, ಅವನು ಖಾಲಿ ಟಂಟಂ ಓಡಿಸಿಕೊಂಡು ಬಸ್ಸಿನ ಹಿಂದೆ ಬಂದ. ನಾನು ಆಸ್ಪತ್ರೆಯ ಬಾಗಿಲಲ್ಲಿ ಸೇರಿಕೊಂಡೆ. ನನಗೂ ತಂಗಿಗೂ ಹೊರಗೆ ಕೂರಲು ಹೇಳಿದ. ಒಳಗೂ ಹೊರಗೂ ನಡುವೆ ಇದ್ದದ್ದು ಒಂದು ಪರದೆ.

"ಡಾಕ್ಟರ್ ಸಾಬ್, ಆ ದಿನ ಇಲ್ಲಿ ಏನೇನಾತು ಇಕಿಗಿ ಹೇಳ್ರಿ. ಏನೂ ಬಿಡಬ್ಯಾಡ್ರಿ."

ಡಾಕ್ಟರು ಮೊದಲು ಸಂಕೋಚಪಟ್ಟರು, ಆಮೇಲೆ ರುಚಿ ಹತ್ತಿತು. ಹನ್ನೊಂದಕ್ಕೆ ಬಂದವನು ಎರಡು ಸಲ ಕುರ್ಚಿಯಿಂದ ಎದ್ದು ಚಹಾದಂಗಡಿಗೆ ಓಡಿದ್ದು, ಫೋನು ಬಂದ್ ಮಾಡಿಸಿದ್ದು ತಾವೇ, ಸೂಜಿ ಕಂಡ ಕೂಡಲೇ ನರ್ಸಮ್ಮನ ಕೈ ಹಿಡಿದು ಅವ್ವಾ ಎಂದು ಅತ್ತದ್ದು, ಹೊರಗೆ ಸರದಿ ಕಾಯುತ್ತಿದ್ದ ಇಬ್ಬರು ಆ ಕೂಗು ಕೇಳಿ ಮನೆಗೆ ಹೋಗಿಬಿಟ್ಟದ್ದು, ಎಲ್ಲ ಹೇಳಿದರು. ಮನೆಯ ಹೆಂಗಸರಿಗೆ ಗೊತ್ತಾಗಬಾರದು ಎಂದೇ ಔರಾದ್ ಹುಟ್ಟಿತ್ತು.

"ಅಪ್ಪ ಖರೇ ಅತ್ತಾನ?" ಎಂದು ಹುಡುಗಿ ಕೇಳಿದಳು.

"ಖರೇ ಅವ್ವಿ. ಈ ಟವೆಲ್ ತೊಯ್ದಿತ್ತು."

ಪರದೆಯ ಆಚೆ ಅವಳು ನಕ್ಕಳು. ಈಚೆ ತಂಗಿ ಸೆರಗು ಬಾಯಿಗೆ ಒತ್ತಿಕೊಂಡಳು. ನಗುವೋ ಅಳುವೋ ನಾನು ಕೇಳಲಿಲ್ಲ.

ಮರಳಿ ಹೋಗುವಾಗ ಹುಡುಗಿ ಟಂಟಂನಲ್ಲಿ ತಂದೆಯ ಪಕ್ಕ ಕೂತಳು. ಊರು ಮುಟ್ಟಿದ ಕೂಡಲೇ ಮನೆ ಮನೆಗೆ ಹೋಗಿ, ನಮ್ಮಪ್ಪ ಎಲ್ಲಿದ್ದ ಗೊತ್ತೇನು ಎಂದು ಶುರುಮಾಡಿ, ಅಳುವಿನ ಭಾಗವನ್ನು ಅಭಿನಯದೊಂದಿಗೆ ಮುಗಿಸಿದಳಂತೆ. ಅವನು ತಲೆ ತಗ್ಗಿಸಿ ಬೀಡಿ ಹಚ್ಚಿದನಂತೆ. ತಾನು ಹಾಗೆಲ್ಲ ಅಂದೇ ಇಲ್ಲ ಎಂದು ಆಯಿ ಹೇಳಿದಾಗ ಇವಳು ಕೊಟ್ಟ ಉತ್ತರವನ್ನು ತಂಗಿ ಫೋನಿನಲ್ಲಿ ನನಗೆ ಎರಡು ಸಲ ಹೇಳಿದಳು: "ಅಂದಿದ್ದಿ ಆಯಿ. ನಿನ್ನ ಬೆನ್ನ ನನ್ನ ಮೂಗಿಗೇ ಹತ್ತಿತ್ತು."

ಮೂರು ದಿನ ಬಿಟ್ಟು, ಗುರುವಾರ ಬೆಳಿಗ್ಗೆ ಮತ್ತೆ ಫೋನು. ತಂಗಿಯ ದನಿ ದಪ್ಪಗಿತ್ತು. ಏನಾಯಿತೇ ಎಂದೆ.

"ಅಕ್ಕಾ, ಎಂಟೂವರಿ ಆಗ್ಯಾದ. ಈಗ ಕಣ್ಣ ಬಿಟ್ಟೇನಿ. ರಾತ್ರಿ ಯಾರೂ ಎದ್ದಿಲ್ಲ."

ಮಾವ ಚಹಾ ಇಲ್ಲದೆಯೇ ಕುರಿ ಹೊಡೆದುಕೊಂಡು ಹೋಗಿದ್ದಾನೆ ಎಂದಳು. ಟಂಟಂ ಬಾಡಿಗೆ ಕೇಳಿಕೊಂಡು ಬಂದವನೊಬ್ಬ ಅರ್ಧ ಗಂಟೆಯಿಂದ ಹೊರಗೆ ಕರೆಯುತ್ತಿದ್ದಾನೆ. ಇವರಿಗೂ ಎಚ್ಚರವಾಗಿದೆ, ಆದರೆ ದೊಡ್ಡವಳು ಅಪ್ಪನ ಹೊಟ್ಟೆಯ ಮೇಲೆ ಕಾಲು ಹಾಕಿ ಮಲಗಿದ್ದಾಳೆ, ಅದಕ್ಕೇ ಅಲುಗಾಡದೆ ಬಿದ್ದುಕೊಂಡಿದ್ದಾರೆ ಎಂದಳು.