ಬಾವಿಯ ಮೆಟ್ಟಿಲೂ ನನ್ನ ಕಾಲೂ

ನೀರನ್ನು ಸೋಸಿ ಕುಡಿಯಿರಿ ಎಂದು ಅರ್ಧ ಗಂಟೆ ಭಾಷಣ ಬಿಗಿದು, ಆ ಮಾತಿನ ಬಿಸಿ ಆರುವ ಮೊದಲೇ ಒಂದು ಚರಿಗೆ ಸೋಸದ ನೀರನ್ನು ಗಟಗಟ ಕುಡಿದ ಮಹಾಪುರುಷನನ್ನು ನೀವು ನೋಡಿರಲಿಕ್ಕಿಲ್ಲ. ಅಡ್ಡಿಯಿಲ್ಲ, ಇದನ್ನು ಬರೆಯುತ್ತಿರುವವನೇ ಅವನು.

ಕುಡಿದದ್ದು ನಾಲ್ಕು ವರ್ಷದ ಹಿಂದೆ, ಮಸ್ಕಿಯ ಆಚೆಯ ಒಂದು ಹಳ್ಳಿಯಲ್ಲಿ. ನಿಜಾಮರ ಆಡಳಿತ ಹೋಗಿ ಹೊಸ ಸರಕಾರ ಬಂದಿತ್ತು. ಎಲ್ಲರ ಬಾಯಲ್ಲೂ ತುಂಗಭದ್ರೆಯ ಅಣೆಕಟ್ಟು, ಬರಲಿರುವ ಕಾಲುವೆ. ನಾನೂ ದೇಶ ಕಟ್ಟುತ್ತೇನೆಂದು ನೌಕರಿಗೆ ಸೇರಿದೆ. ನನ್ನ ಪಾಲಿಗೆ ಬಂದದ್ದು ಅಣೆಕಟ್ಟಲ್ಲ, ನಾರುಹುಣ್ಣು. ಲಿಂಗಸುಗೂರಿನಲ್ಲಿ ಕಚೇರಿ. ಹಳ್ಳಿ ಹಳ್ಳಿಗೆ ಹೋಗಿ, ಮೆಟ್ಟಿಲ ಬಾವಿಯ ನೀರಿಗೆ ಕಾಲಿಡಬೇಡಿ, ಬಟ್ಟೆಯಲ್ಲಿ ಸೋಸದೆ ಕುಡಿಯಬೇಡಿ ಎಂದು ಕೂಗುವುದು ಕೆಲಸ.

ನಾರುಹುಣ್ಣು ಕಾಣದ ಪುಣ್ಯವಂತರಿಗೆ ಎರಡು ಮಾತು. ಬಾವಿಯ ನೀರಿನ ಜೊತೆ ಹೊಟ್ಟೆಗೆ ಹೋದ ಹುಳ ವರ್ಷ ಕಳೆದ ಮೇಲೆ ಮೊಳಕ್ಕೂ ಉದ್ದದ ಬಿಳಿ ದಾರವಾಗಿ, ಕಾಲಿನಲ್ಲಿ ಗುಳ್ಳೆ ಎಬ್ಬಿಸಿ ಹೊರಗೆ ಬರುತ್ತದೆ. ಉರಿ ತಾಳದೆ ಆ ಮನುಷ್ಯ ಕಾಲನ್ನು ತಣ್ಣೀರಿಗೆ ಇಡುತ್ತಾನೆ. ಹುಳ ಅಲ್ಲೇ ಮರಿ ಬಿಡುತ್ತದೆ. ಆ ನೀರೇ ಮತ್ತೆ ಎಲ್ಲರ ಮನೆಯ ಕೊಡಕ್ಕೆ. ನಾರು ಹೊರಬರುವುದೂ ಸರಿಯಾಗಿ ಬಿತ್ತನೆಯ ಹೊತ್ತಿಗೆ. ಎತ್ತು ತಯಾರು, ಕೂರಿಗೆ ತಯಾರು, ಯಜಮಾನ ಮಾತ್ರ ಹೊರಸಿನ ಮೇಲೆ.

ಇದನ್ನೆಲ್ಲ ಕೈ ಬೀಸಿ ಬೀಸಿ ಹೇಳಿ ಮುಗಿಸಿದಾಗ ಊರಿನ ಗೌಡರು ಮೆತ್ತಗೆ ಕೇಳಿದರು:

"ಸಾಹೇಬ್ರ, ಲಿಂಗಪೂಜಿಗೆ ಅಗ್ಗಣಿ ನೀರು ಒಯ್ಯೋ ಬಾವಿ ಇದು. ಕಾಲು ತೊಳೀಲಾರ್ದ ಕೊಡ ಮುಳುಗಿಸಿದ್ರ ಆ ನೀರು ದೇವರಿಗೆ ನಡಿತೈತೇನ್ರಿ?"

ಅಲ್ಲಿಯ ವಾಡಿಕೆ ಅದು. ಬಾವಿಗೆ ಇಳಿದು, ಕೊನೆಯ ಮೆಟ್ಟಿಲ ಮೇಲೆ ನಿಂತು, ನೀರಲ್ಲಿ ಕಾಲು ತೊಳೆದು ಶುದ್ಧರಾಗಿ ಆಮೇಲೆ ಕೊಡ ತುಂಬುವುದು. ಕಚೇರಿಯವರು ಬರೆದುಕೊಟ್ಟ ಕಾಗದದಲ್ಲಿ ಇದಕ್ಕೆ ಉತ್ತರ ಇರಲಿಲ್ಲ. ನಾನು ಬೆವರಿದೆ. ಗೌಡರು ಕನಿಕರಪಟ್ಟು ಒಂದು ಚರಿಗೆ ನೀರು ಕೊಟ್ಟರು. ಗೌಡರು ಕೊಟ್ಟ ನೀರನ್ನು ಬೇಡ ಎನ್ನಲು ನನಗೆ ಮುಲಾಜು. ಕೊನೆಯ ಹನಿಯವರೆಗೂ ಕುಡಿದು, ಇದ್ದ ನಾಲ್ಕು ಕೂದಲಿನ ಮೀಸೆ ಒರೆಸಿಕೊಂಡೆ. ಹಿಂದಿನಿಂದ ಒಂದು ಹೆಣ್ಣು ದನಿ:

"ಸಾಹೇಬ್ರ, ಸೋಸೋ ಅರಿವಿ ನಿಮ್ಮ ಹೆಗಲ ಮ್ಯಾಲೇ ಐತಲ್ರಿ!"

ಊರೆಲ್ಲ ನಕ್ಕಿತು. ಹಾಗೆ ಹೇಳಿದವಳು ಈರಮ್ಮ. ಕೂಲಿ ಮಾಡುವ ಹೆಂಗಸು, ಐವತ್ತು ದಾಟಿದ್ದಳು. ಅವಳ ಒಬ್ಬನೇ ಮಗ ಎರಡು ಬಿತ್ತನೆ ನಾರಿನಿಂದ ನೆಲ ಹಿಡಿದಿದ್ದ. ಅವಳ ತವರಿನಲ್ಲಿ ಮೆಟ್ಟಿಲಿಲ್ಲದ ಸೇದುವ ಬಾವಿ, ಅಲ್ಲಿ ಯಾರಿಗೂ ನಾರಿಲ್ಲ. ಇಷ್ಟನ್ನೇ ನೋಡಿ, ಅಕ್ಷರ ಬಾರದ ಆಕೆ ನನ್ನ ಇಲಾಖೆಗಿಂತ ಮೊದಲೇ ವಿಷಯ ತಿಳಿದುಕೊಂಡಿದ್ದಳು. ಮೆಟ್ಟಿಲು ಮುಚ್ಚಿಸಿರಿ ಎಂದು ವರ್ಷಗಟ್ಟಲೆ ಹೇಳಿದ್ದಳು. ಕೂಲಿಯವಳ ಮಾತು, ಯಾರೂ ಕಿವಿಗೆ ಹಾಕಿಕೊಂಡಿರಲಿಲ್ಲ.

ಮುಂದಿನ ಬೇಸಿಗೆಗೆ ನನ್ನ ಬಲಗಾಲಿನಲ್ಲಿ ಗುಳ್ಳೆ ಎದ್ದಿತು. ನಾರಿನ ಸಾಹೇಬನಿಗೇ ನಾರು! ಲಿಂಗಸುಗೂರಿನಲ್ಲಿ ಗೊತ್ತಾದರೆ ತಾಲೂಕೇ ನಗುತ್ತದೆ. ಗುರುತಿಲ್ಲದ ಊರಲ್ಲಿ ಗುಟ್ಟಾಗಿ ಕೀಳಿಸಿಕೊಂಡು ಬರೋಣವೆಂದು ಸಿಂಧನೂರಿನ ಬಸ್ಸು ಹತ್ತಿದೆ. ಬಸ್ಸು ಮಸ್ಕಿಯಲ್ಲಿ ನಿಂತಿತು. ಚಹಾಕ್ಕೆಂದು ಕುಂಟುತ್ತ ಇಳಿದೆ. ಸಂತೆಗೆ ಬಂದಿದ್ದ ಈರಮ್ಮ ಎದುರಿಗೇ ನಿಂತಿದ್ದಳು. ನನ್ನ ಮುಖ ನೋಡಲಿಲ್ಲ, ನೇರವಾಗಿ ಕಾಲು ನೋಡಿದಳು.

"ಬಂತೇನ್ರಿ?"

"ಮುಳ್ಳು ಚುಚ್ಚೈತಿ" ಎಂದೆ.

"ಹೌದ್ರಿ, ಹೋದ ವರ್ಷ ನೀವು ಕುಡಿದ ಮುಳ್ಳು" ಎಂದಳು. ಆಮೇಲೆ ದನಿ ತಗ್ಗಿಸಿ, "ಅವಸರ ಮಾಡಿ ಎಳಿಸಿಕೊಂಡ್ರ ಹುಳ ಒಳಗ ತುಂಡಾಗ್ತೈತಿ. ಕಾಲು ಬಾತು ಕೀವಾಗಿ ಕುಂಟ ಆದವ್ರನ್ನ ಕಂಡೀನಿ. ನಡಿ ತಮ್ಮಾ, ನಮ್ಮ ಮನಿಗೆ."

ಸಾಹೇಬ ಹೋಗಿ ತಮ್ಮ ಆದದ್ದು ಆ ಕ್ಷಣದಲ್ಲಿ. ಬಸ್ಸು ನನ್ನನ್ನು ಬಿಟ್ಟು ಸಿಂಧನೂರಿಗೆ ಹೋಯಿತು, ನಾನು ಚಕ್ಕಡಿಯಲ್ಲಿ ಈರಮ್ಮನ ಮನೆಗೆ ಹೋದೆ.

ಬೇವಿನೆಲೆ ಕುದಿಸಿದ ನೀರಲ್ಲಿ ಗಾಯ ತೊಳೆದು, ಹೊರಗೆ ಇಣುಕಿದ ಹುಳದ ತುದಿಯನ್ನು ಒಂದು ಸಣ್ಣ ಕಡ್ಡಿಗೆ ಸುತ್ತಿ ಕಟ್ಟಿದಳು. ದಿನಕ್ಕೆ ಎರಡೇ ಸುತ್ತು. ನಾನು ಇಡೀ ಓಣಿಗೆ ಕೇಳುವಂತೆ ಕಿರುಚುತ್ತಿದ್ದೆ, ಅವಳ ಬೆರಳು ಮಾತ್ರ ಒಮ್ಮೆಯೂ ನಡುಗಲಿಲ್ಲ. ಅಂಥ ಕೈ ನಾನು ಯಾವ ದವಾಖಾನೆಯಲ್ಲೂ ಕಂಡಿಲ್ಲ.

ಮೂರನೆಯ ದಿನ ಬೆಳಿಗ್ಗೆ ಅವಳು ಗೌಡರನ್ನೂ ಹಿರಿಯರನ್ನೂ ಅಂಗಳಕ್ಕೆ ಕರೆಸಿದಳು. ಹಿತ್ತಾಳೆಯ ಪರಾತದಲ್ಲಿ ಸೋಸಿದ ತಿಳಿನೀರು.

"ಕಾಲಿಡು ತಮ್ಮಾ."

"ಇಷ್ಟು ಮಂದಿ ಮುಂದ ಮಾನ ಹೋಗ್ತೈತಬೇ."

"ನಿನ್ನ ಮಾನ ಹೋದ ವರ್ಷನ ಹೋಗೈತಿ. ಇಡು."

ಇಟ್ಟೆ. ಗಳಿಗೆ ಹೊತ್ತು ಏನೂ ಇಲ್ಲ. ಆಮೇಲೆ ಗಾಯದ ಬಾಯಿಂದ ಹಾಲಿನ ಹನಿ ಒಡೆದಂತೆ ಬೆಳ್ಳಗೆ ಒಂದು ಮೋಡ ಎದ್ದು ತಿಳಿನೀರಲ್ಲಿ ಹರಡಿತು.

"ಎಲ್ಲಾ ಮರಿ" ಎಂದಳು ಈರಮ್ಮ. "ಗೌಡ್ರ, ಈ ತಮ್ಮ ಬಾವಿಗಿಳಿದು, ಕಾಲು ತೊಳದು, ಶುದ್ಧಾಗಿ ಕೊಡ ತುಂಬಿ ತಂದ್ರ ಆ ನೀರು ಲಿಂಗಕ್ಕ ಎರೀತೀರೇನ್ರಿ?"

ಗೌಡರು ಪರಾತವನ್ನೇ ನೋಡುತ್ತ ನಿಂತರು. ಅವರ ಮನೆಯಲ್ಲೂ ಒಬ್ಬರು ನಾರಿನಿಂದ ಮಲಗಿದ್ದರೆಂದು ನನಗೆ ಆಮೇಲೆ ತಿಳಿಯಿತು. ಕಡೆಗೆ ಹೇಳಿದರು:

"ಮೆಟ್ಟಿಲಿಗೆ ಅಡ್ಡ ಕಲ್ಲು ಕಟ್ಟಿಸ್ತೀನಿ. ಆದ್ರ ಕಾಲು ತೊಳಿಯೋದು ಬಿಡಾಕ ಆಗೂದಿಲ್ಲ ಈರಮ್ಮಾ."

"ಬಿಡು ಅಂದವ್ರು ಯಾರ್ರಿ? ಮ್ಯಾಲ ಒಂದು ಕಲ್ಲಬಾನಿ ಇಡಿಸ್ರಿ. ಸೇದಿದ ನೀರಾಗ ಅಲ್ಲೇ ಕಾಲು ತೊಳಕೊಂಡು ಅಗ್ಗಣಿ ಒಯ್ರಿ."

ಇಷ್ಟು ಸರಳ ಉತ್ತರ ನನ್ನ ಕಚೇರಿಯ ಯಾವ ಕಾಗದದಲ್ಲೂ ಇರಲಿಲ್ಲ. ಪರಾತದ ನೀರನ್ನು ಅವಳು ಬಾವಿಯಿಂದ ದೂರ, ಕಾದ ಮರಳಿನ ಮೇಲೆ ಚೆಲ್ಲಿ ಬಂದಳು.

ನನ್ನ ಹುಳ ಸರಕಾರಿ ನೌಕರನ ಹುಳ, ನಿಧಾನವಾಗಿಯೇ ಬಂತು. ಪೂರ್ತಿ ಹೊರಬೀಳುವ ಹೊತ್ತಿಗೆ ಬಾವಿಯ ಮೆಟ್ಟಿಲಿಗೆ ಗೋಡೆ ಎದ್ದಿತ್ತು, ರಾಟೆ ಕೂತಿತ್ತು. ಹೊರಡುವ ದಿನ ಈರಮ್ಮನ ಕಾಲು ಮುಟ್ಟಿ ನಮಸ್ಕರಿಸಿ, ನಿನ್ನ ಹೆಸರನ್ನು ದೊಡ್ಡ ಸಾಹೇಬರಿಗೆ ಬರೆದು ಕಳಿಸುತ್ತೇನೆ ಎಂದೆ.

"ನನ್ನ ಹೆಸರು ತಗೊಂಡು ಅವ್ರೇನ್ ಮಾಡ್ತಾರೋ?" ಎಂದಳು. "ಎರಡು ವರ್ಷ ಬಿಟ್ಟು ಬಿತ್ತಿಗಿ ಹೊತ್ತಿಗೆ ಬಾ. ಮನಿ ಮನಿ ಬಾಗಿಲು ಬಡಿ. ಎಲ್ಲಾರೂ ಹೊಲಕ್ಕ ಹೋಗಿ, ಊರಾಗ ನಿನ್ನ ಭಾಷಣ ಕೇಳಾಕ ಒಬ್ಬರೂ ಸಿಗಲಿಲ್ಲ ಅಂದ್ರ, ಅದನ್ನ ಬರದು ಕಳಿಸು."