ನಲವತ್ತೊಂದನೆಯವಳು

ಹನುಮಸಾಗರದಲ್ಲಿ ನನ್ನದು ಬಳೆ ಅಂಗಡಿ. ಶಾಲೆಗೆ ಹೋದದ್ದು ಎರಡೇ ವರ್ಷ. ಅಕ್ಷರ ಕೂಡಿಸಿ ಬರೆಯುತ್ತೇನೆ. ಸುತ್ತಿ ಬಳಸಿ ಹೇಳುವುದು ನನಗೆ ಆಗದು.

ಕೊರೊನಾ ಎರಡನೆಯ ಸಲ ಬಂದ ಬೇಸಿಗೆ ಅದು. ಬೆಳಿಗ್ಗೆ ಸ್ವಲ್ಪ ಹೊತ್ತು ಹಾಲು, ಕಾಯಿಪಲ್ಯ, ಕಿರಾಣಿ ಮಾರಬಹುದಿತ್ತು. ಬಳೆ ಇಲ್ಲದಿದ್ದರೆ ಯಾರೂ ಸಾಯುವುದಿಲ್ಲ, ಹಾಗಾಗಿ ನನ್ನ ಅಂಗಡಿ ಬಂದ್. ಒಪ್ಪುವ ಮಾತೇ. ಆದರೆ ನನ್ನ ಕಸುಬು ಮಾರುವುದಷ್ಟೇ ಅಲ್ಲ, ಕೈ ಹಿಡಿಯುವುದು. ಹೆಬ್ಬೆರಳಿನ ಬುಡ ಒತ್ತಿ, ಗೆಣ್ಣು ಮೆತ್ತಗೆ ಮಾಡಿ ಬಳೆ ಏರಿಸಬೇಕು. ದೂರ ನಿಂತು ಬಳೆ ಇಡಿಸುವ ವಿದ್ಯೆ ಯಾರಿಗೂ ಗೊತ್ತಿಲ್ಲ.

ಮದುವೆಗೂ ಆದೇಶ ಬಂದಿತ್ತು. ಮನೆಯಲ್ಲೇ ಆಗಬೇಕು, ನಲವತ್ತೇ ಜನ, ಒಬ್ಬೊಬ್ಬರ ಹೆಸರಿಗೂ ತಹಶೀಲ್ದಾರ ಕಚೇರಿಯಿಂದ ಪಾಸು. ಒಬ್ಬರು ಹೆಚ್ಚಾದರೂ ಮನೆಯ ಯಜಮಾನನ ಮೇಲೆ ಕೇಸು.

ನಮ್ಮ ಓಣಿಯ ಬಟ್ಟೆ ಅಂಗಡಿಯವನ ಮಗಳ ಮದುವೆ ಗೊತ್ತಾಗಿತ್ತು. ಅವನಂತೂ ಮೊದಲೇ ಸಿಕ್ಕಿಬಿದ್ದವನು. ಅರ್ಧ ಶಟರ್ ಎತ್ತಿ ಸೀರೆ ಮಾರಿದ್ದಕ್ಕೆ ಅಂಗಡಿಗೆ ಬೀಗ ಹಾಕಿದ್ದರು. ತಪ್ಪಾಯಿತೆಂದು ಬರೆದುಕೊಟ್ಟು ಬಿಡಿಸಿಕೊಂಡಿದ್ದ. ಇನ್ನೊಂದು ಕೇಸಾದರೆ ಲೈಸೆನ್ಸೇ ಹೋಗುತ್ತದೆ ಎಂದಿದ್ದರು. ಅವನ ಮಗಳು ತಾಯಿಯಿಲ್ಲದ ಕೂಸು. ಬೆಳೆಸಿದವಳು ಅವನ ತಾಯಿ, ನನ್ನ ವಾರಿಗೆಯ ಮುದುಕಿ.

ಮದುವೆಯ ಹಿಂದಿನ ದಿನ ಆ ಅಜ್ಜಿ ನನ್ನ ಬಾಗಿಲಿಗೆ ಬಂದಳು.

"ನಾಳೆ ಹೊತ್ತೇರೂದ್ರಾಗ ಬಾ. ಹಸರ ಬಳಿ ತಾ. ನನ್ನ ಮೊಮ್ಮಗಳ ಕೈ ಭಾಳ ಸಣ್ಣದೈತಿ."

"ಅಂಗಡಿ ತಗಿಯಂಗಿಲ್ಲ ಯವ್ವಾ."

"ಅಂಗಡಿ ತಗಿ ಅಂತ ಯಾರಂದ್ರು? ಬಳಿ ತಾ, ನಿನ್ನ ಕೈ ತಾ, ಸಾಕು."

ಪಾಸಿನ ಮಾತು ಅವಳೂ ಎತ್ತಲಿಲ್ಲ, ನಾನೂ ಎತ್ತಲಿಲ್ಲ. ಬೀಗರು, ಸೋದರಮಾವ, ಮದುವೆ ಮಾಡಿಸುವ ಅಯ್ಯನವರು, ಅಡುಗೆಯವರು, ಫೋಟೊದವನು, ಎಲ್ಲರನ್ನೂ ನೆನಪಿಟ್ಟು ಬರೆಸಿದ್ದರು. ಬಳೆಗಾರ್ತಿಯನ್ನು ನಮ್ಮಲ್ಲಿ ಯಾರೂ ಮದುವೆಗೆ ಕರೆಯುವುದಿಲ್ಲ. ಅವಳು ಬರುತ್ತಾಳೆ, ಅಷ್ಟೇ. ಕರೆಯದವಳ ಹೆಸರು ಪಟ್ಟಿಗೆ ಹೇಗೆ ಬಂದೀತು?

ಮರುದಿನ ಹುಡುಗಿಯ ಬಲಗೈ ತುಂಬಿಸಿದ್ದೆ. ಎಡಗೈಗೆ ಸಾಬೂನು ಹಚ್ಚುತ್ತಿದ್ದಾಗ ಜೀಪು ಬಂತು. ತಹಶೀಲ್ದಾರ ಕಚೇರಿಯ ಒಬ್ಬ ಸಾಹೇಬ, ಇಬ್ಬರು ಪೊಲೀಸರು, ಆಸ್ಪತ್ರೆಯ ಒಬ್ಬ ಹೆಣ್ಣುಮಗಳು.

"ಎಲ್ಲಾರೂ ಅಂಗಳಕ್ಕ ಬರ್ರಿ. ಹೆಸರು ಕೂಗ್ತೀನಿ, ಪಾಸ್ ತೋರಸ್ರಿ," ಎಂದು ಸಾಹೇಬ ಹೊರಗಿನಿಂದಲೇ ಕೂಗಿದ.

ಬಟ್ಟೆ ಅಂಗಡಿಯವನು ಒಳಗೆ ಓಡಿ ಬಂದ. ನನ್ನನ್ನು ನೋಡಿದವನೇ ಗೋಡೆಗೆ ಒರಗಿದ. "ನಲವತ್ತೊಂದ ಆತಲ್ಲೋ ಯಪ್ಪಾ!"

ಯಲಬುರ್ಗಾದಿಂದ ಬಂದ ಬೀಗತಿಗೆ ಸಿಟ್ಟು ನೆತ್ತಿಗೇರಿತು. "ಮದುಮಗಳ ಹೆಸರರ ಬರಸೀರಿಲ್ಲೋ? ಇಕಿನ್ನ ಹಿತ್ತಲಕ ಕಳಸ್ರಿ ಮೊದಲ."

"ಒಂದ ಕೈ ತುಂಬೇತಿ, ಒಂದ ಕೈ ಬರೇ ಐತಿ," ಎಂದಳು ಅಜ್ಜಿ. "ಹಿಂಗ ನಡಕ ಬಿಟ್ಟು ಎಬ್ಬಸ್ತೀರೇನು? ನಾನ ಹೋಗ್ತೀನಿ. ನನ್ನ ಹೆಸರಿಗೆ ಇಕಿ ಹೂಂ ಅನ್ಲಿ. ಇಬ್ಬರೂ ಮುದುಕೇರು, ಮಕಕ್ಕ ಮಾಸ್ಕ್ ಬ್ಯಾರೆ. ಯಾರಿಗೆ ಗೊತ್ತಾಗ್ತೈತಿ? ತಾಳಿ ಕಟ್ಟಿ ಅಕ್ಕಿಕಾಳು ಹಾಕೂ ಹೊತ್ತಿಗೆ ಬರ್ತೀನಿ."

ತನ್ನ ಪಾಸನ್ನು ನನ್ನ ಮಡಿಲಿಗೆ ಹಾಕಿ ಎಮ್ಮೆಯ ಕೊಟ್ಟಿಗೆಗೆ ಹೋದಳು. ಬೀಗತಿ ಕೊಟ್ಟಿಗೆಗೆ ಹೊರಗಿನಿಂದ ಚಿಲಕ ಹಾಕಿ ಬಂದಳು.

ಅಜ್ಜಿಯ ಹೆಸರು ಕೂಗಿದಾಗ ಹುಡುಗಿಯ ಎಡಗೈ ಹಿಡಿದುಕೊಂಡೇ ನಾನು ಹೂಂ ಎಂದೆ.

"ಏನಜ್ಜಿ, ಬಳಿ ನೀವ ಇಡಸಾಕತ್ತೀರಿ?" ಎಂದ ಸಾಹೇಬ.

"ಬಳಿಗಾರ್ತಿನ್ನ ನೀವು ಬಂದ್ ಮಾಡೀರಲ್ರಿ. ಮತ್ಯಾರು ಇಡಸಬೇಕು?"

ಅವನು ನಕ್ಕ. ನನಗೆ ಸಹಿ ಬರುತ್ತದೆ. ಅಜ್ಜಿಗೆ ಬರುತ್ತಿರಲಿಲ್ಲ. ಅದಕ್ಕೆ ಅವಳ ಹೆಸರಿನ ಮುಂದೆ ಹೆಬ್ಬೆಟ್ಟು ಒತ್ತಿದೆ.

ಇನ್ನೇನು ಹೋಗುತ್ತಾರೆ ಎಂದುಕೊಂಡೆವು. ಸಾಹೇಬ ಕುರ್ಚಿ ಎಳೆದುಕೊಂಡು ಕುಳಿತ. ಎಣಿಸಿ ಹೋದ ಮೇಲೆ ಹಿತ್ತಲಿನಿಂದ ಜನ ಬರುತ್ತಾರಂತೆ, ಅದಕ್ಕೆ ಅಕ್ಕಿಕಾಳು ಮುಗಿಯುವವರೆಗೆ ಇರುತ್ತಾನಂತೆ. ಜೊತೆಗೆ ಬಂದವಳು ಹುಡುಗಿಯ ಕೈಗೂ ನನ್ನ ಕೈಗೂ ಸ್ಯಾನಿಟೈಸರ್ ಸುರಿದಳು. ಕೈ ಒಣಗಿ ಬಿಗಿಯಿತು. ಬಳೆ ಗೆಣ್ಣಿನ ಹತ್ತಿರ ನಿಂತುಬಿಟ್ಟವು. ಮತ್ತೆ ಸಾಬೂನು ಹಚ್ಚಿ ಒಂದೊಂದಾಗಿ ಏರಿಸಿದೆ. ಹುಡುಗಿ ಹಿತ್ತಲ ಬಾಗಿಲನ್ನೇ ನೋಡುತ್ತಿದ್ದಳು.

ಮದುಮಕ್ಕಳ ತಲೆಯ ಮೇಲೆ ಅಕ್ಕಿಕಾಳು ಬಿದ್ದವು. ಯಾರೂ ಹಿತ್ತಲ ಕಡೆ ಹೋಗಲಿಲ್ಲ. ನಾನು ಹಿಂದೆ ಸರಿದು ನಿಂತಿದ್ದೆ. ಅಯ್ಯನವರಿಗೆ ಒಳಗಿನ ಸುದ್ದಿ ಗೊತ್ತಿರಲಿಲ್ಲ.

"ಹಿರೇರು ಮುಂದ ಬರ್ರಿ. ಹುಡುಗಿ ಅಜ್ಜಿ ಎಲ್ಲದಾರ?"

ಸಾಹೇಬ ನನ್ನತ್ತ ಬೆರಳು ತೋರಿಸಿದ. "ಅಲ್ಲದಾರಲ್ಲ."

ಬಟ್ಟೆ ಅಂಗಡಿಯವನು ನೆಲ ನೋಡುತ್ತಿದ್ದ. ನಾನು ಮುಂದೆ ಹೋದೆ. ಹುಡುಗಿ ನನ್ನ ಕಾಲಿಗೆ ಬಿದ್ದಳು. ಬೇಗ ಏಳಲಿಲ್ಲ. ಅವಳ ತಲೆಯ ಮೇಲೆ ಕೈ ಇಟ್ಟು, ಅಜ್ಜಿ ಆಡಬೇಕಾದ ಮಾತು ನಾನು ಆಡಿದೆ.

ಜೀಪು ಹೋದ ಮೇಲೆ ಚಿಲಕ ತೆಗೆದವಳೂ ನಾನೇ. ಅಜ್ಜಿ ಗೋಣಿಚೀಲದ ಮೇಲೆ ಕುಳಿತಿದ್ದಳು. ಮೊಮ್ಮಗಳ ತಲೆಗೆ ಹಾಕಲು ಒಯ್ದಿದ್ದ ಅಕ್ಕಿ ಮುಷ್ಟಿಯಲ್ಲಿ ಹಾಗೇ ಇತ್ತು, ಬೆವರಿಗೆ ಅಂಗೈಗೆ ಅಂಟಿತ್ತು.

"ಎಡಗೈ ತುಂಬಿತೇನು?"

"ತುಂಬಿತು."

"ಕಾಲಿಗೆ ಬಿದ್ಲೇನು?"

"ಬಿದ್ಲು."

"ಯಾರ ಕಾಲಿಗೆ?"

ನಾನು ಸುಳ್ಳು ಹೇಳಲಿಲ್ಲ. ಹೇಳಬೇಕಿತ್ತೇನೋ. ಅವಳು ಕೈ ಕೊಡವಿ ಅಕ್ಕಿಯನ್ನು ಎಮ್ಮೆ ಮೇವು ತಿನ್ನುವ ಗ್ವಾದಲಿಗೆ ಹಾಕಿದಳು. ಆಮೇಲೆ ಹುಡುಗಿ ಓಡಿ ಬಂದು ಬಗ್ಗಿದಾಗ ಕಾಲು ಹಿಂದಕ್ಕೆ ತೆಗೆದಳು.

"ಆತು ಬಿಡವಾ, ಒಮ್ಮೆ ಬಿದ್ದೀಯಲ್ಲ. ಗಂಡನ ಮನಿಯವರು ಕಾಯಾಕತ್ಯಾರ, ನಡಿ."

ಬಟ್ಟೆ ಅಂಗಡಿ ಉಳಿಯಿತು. ಕೇಸಾಗಲಿಲ್ಲ. ಆದೇಶಗಳೂ ಒಂದೊಂದಾಗಿ ಹೋದವು, ನನ್ನ ಅಂಗಡಿಯೂ ತೆರೆಯಿತು. ಓಣಿಯವರು, "ಅಜ್ಜಿ ತಾನ ಹೋಗ್ಯಾಳ, ನಿಂದೇನು ತಪ್ಪು?" ಎನ್ನುತ್ತಾರೆ. ನನಗೆ ಗೊತ್ತಿದೆ. ಎಡಗೈಯ ಬಳೆಗಳನ್ನು ಮನೆಯ ಯಾವ ಮುತ್ತೈದೆಯಾದರೂ ಏರಿಸುತ್ತಿದ್ದಳು. ನಾನು ಎದ್ದು ಕೊಟ್ಟಿಗೆಗೆ ಹೋಗಬಹುದಿತ್ತು. ತಿಂಗಳಾಗಿತ್ತು ಒಂದು ಕೈ ಹಿಡಿದು. ಹಿಡಿದದ್ದನ್ನು ಬಿಡಲು ಮನಸ್ಸಾಗಲಿಲ್ಲ. ಅಷ್ಟೇ ಕಾರಣ.

ಮುಂದಿನ ವರ್ಷ ಆ ಹುಡುಗಿಯ ಕುಬಸ ಬಂತು. ಬಸುರಿಗೆ ಹಸಿರು ಬಳೆ ಇಡಿಸಬೇಕು. ಅವಳ ಕೈಯ ಅಳತೆ ನನಗೆ ಗೊತ್ತಿತ್ತಲ್ಲ, ಸಣ್ಣ ಬಳೆ ತೆಗೆದಿಟ್ಟಿದ್ದೆ. ಬುಟ್ಟಿ ಹೊತ್ತು ಅವರ ಮನೆಯ ತಿರುವಿಗೆ ಬಂದಾಗ, ಅಜ್ಜಿ ಬಸ್‌ಸ್ಟ್ಯಾಂಡಿನ ಕಡೆಯಿಂದ ಒಬ್ಬ ಬಳೆಗಾರ್ತಿಯನ್ನು ಕರೆದುಕೊಂಡು ಬರುತ್ತಿದ್ದಳು. ಕುಷ್ಟಗಿಯವಳಂತೆ. ನಾನು ನಿಂತೆ. ಅವರು ಮುಂದೆ ಹೋದರು.