ಹೀಟರಿಗೆ ಹಾಕಿದ ಕೊಸರು

ನಮ್ಮ ಸಕ್ಕರೆ ಕಾರ್ಖಾನೆಯಲ್ಲಿ ಹದಿನೆಂಟು ವರ್ಷ ನಾನು ಮಾಡಿದ್ದು ಒಂದೇ ಕೆಲಸ. ಬೇರೆಯವರು ಬರೆದ ನಕ್ಷೆ ಹಿಡಿದುಕೊಂಡು, ಬಂದ ಸಾಮಾನು ಅದರಂತೆ ಇದೆಯೋ ಇಲ್ಲವೋ ನೋಡುವುದು. ಇಂಜಿನಿಯರ್ ಮೇಡಂ ಅಂತ ಎಲ್ಲರೂ ಕರೆಯುತ್ತಿದ್ದರು. ಆದರೆ ಇದು ನಾನು ಬರೆದದ್ದು ಅಂತ ಬೆರಳು ಮಾಡಿ ತೋರಿಸಲು ಆ ಇಡೀ ಆವರಣದಲ್ಲಿ ಒಂದು ಕೊಳವೆಯೂ ಇರಲಿಲ್ಲ.

ಹೋದ ವರ್ಷ ಹಂಗಾಮು ಮುಗಿದ ಮೇಲೆ, ಕಬ್ಬಿನ ರಸ ಕಾಯಿಸುವ ಹಳೆಯ ಹೀಟರೊಂದನ್ನು ಕಳಚಿ ಹೊಸದು ಕೂರಿಸಬೇಕೆಂದು ತೀರ್ಮಾನವಾಯಿತು. ಹೀಟರ್ ಅಂದರೆ ಉದ್ದನೆಯ ಪೀಪಾಯಿಯಂಥದ್ದು. ಅದರ ಹೊಟ್ಟೆಯೊಳಗೆ ಕಟ್ಟುಕಟ್ಟಾಗಿ ಕೊಳವೆಗಳು. ಕೊಳವೆಯೊಳಗೆ ರಸ ಓಡುತ್ತದೆ, ಹೊರಗೆ ಉಗಿ ಸುತ್ತಿಕೊಂಡಿರುತ್ತದೆ. ಒಂದನ್ನೊಂದು ಮುಟ್ಟುವುದಿಲ್ಲ, ಶಾಖ ಮಾತ್ರ ದಾಟುತ್ತದೆ. ನಮ್ಮಜ್ಜಿ ಕಾಸಿದ ಹಾಲಿನ ತಪ್ಪಲೆಯನ್ನು ತಣ್ಣೀರಿನ ಪರಾತದಲ್ಲಿಟ್ಟು ಹೆಪ್ಪು ಹಾಕುವ ಹದಕ್ಕೆ ತರುತ್ತಿದ್ದಳು. ಅದೇ ವಿದ್ಯೆ, ಗಾತ್ರ ಮಾತ್ರ ದೊಡ್ಡದು. ಇದರಲ್ಲಿರುವ ತೊಂದರೆ ಎಂದರೆ ರಸದ ಮಡ್ಡಿ ಕೊಳವೆಯ ಒಳಗೋಡೆಗೆ ಅಂಟಿ ಹಕ್ಕಳೆಗಟ್ಟುವುದು. ಹಕ್ಕಳೆ ದಪ್ಪವಾದಷ್ಟೂ ಶಾಖ ದಾಟುವುದು ಕಡಿಮೆ.

ಮ್ಯಾನೇಜರು ನನ್ನನ್ನು ಕರೆಸಿದರು.

"ಹರಪನಹಳ್ಳ್ಯಾಗ ಐದು ದಿನದ ಟ್ರೇನಿಂಗ್ ಐತ್ರಿ ಮೇಡಂ. ಹೀಟರ್ ಡಿಸೈನ್ ಮಾಡೋ ಸಾಫ್ಟ್‌ವೇರ್ ಕಲಸ್ತಾರಂತ. ಕಡೀ ದಿನ ನಮ್ಮ ಹೀಟರಿಂದ ಲೆಕ್ಕ ಮಾಡಿ, ಅಲ್ಲಿ ಕಲಸೋ ಸರ್ ಕಡಿಂದ ಸಹಿ ಹಾಕಿಸ್ಕೊಂಡು ಬರ್ರಿ. ಸಹಿ ಬಿತ್ತು, ನಿಮ್ಮ ನಕ್ಷೆ ಪ್ರಕಾರನ ಮಾಡಸಾಣ. ಬೀಳಲಿಲ್ಲ, ಯಾವಾಗ್ಲೂ ಡಿಸೈನ್ ಮಾಡೋ ಹೊರಗಿನ ಕಂಪನಿಗೇ ಬರದು ಕೊಡ್ತೀನಿ."

ಅವರು ಬಿರುಸಿನಿಂದೇನೂ ಹೇಳಲಿಲ್ಲ. ಆದರೂ ಹೊರಗೆ ಬಂದವಳೇ ಟ್ರೇನಿಂಗಿಗೆ ಹೆಸರು ಬರೆಸಿದೆ. ನಲವತ್ತು ದಾಟಿದ ಮೇಲೆ ಇಂಥ ಮಾತು ಎರಡನೆಯ ಸಲ ಬರುವುದಿಲ್ಲ ಎಂದು ನನಗೆ ಗೊತ್ತಿತ್ತು.

ಕೊಟ್ಟೂರಿನ ನಮ್ಮ ಮನೆಯಿಂದ ಬೆಳಿಗ್ಗೆ ಬಸ್ಸು ಹಿಡಿದು ಹರಪನಹಳ್ಳಿಗೆ ಹೋಗುತ್ತಿದ್ದೆ. ಬಾಡಿಗೆಗೆ ಹಿಡಿದ ಒಂದು ಕಂಪ್ಯೂಟರ್ ಕೋಣೆ. ಹನ್ನೆರಡು ಜನ ನಾವು; ಕೂಡ್ಲಿಗಿ ಕಡೆಯವರು, ಹಡಗಲಿ ಕಡೆಯವರು, ಎಣ್ಣೆ ಗಿರಣಿಯವರು, ಹಾಲಿನ ಡೇರಿಯವರು. ಕಲಿಸಲು ಬಂದವರು ಮೈಸೂರು ಕಡೆಯ ಯುವಕ. ಮಾತು ಮೆತ್ತಗೆ, ಬೆನ್ನು ನೆಟ್ಟಗೆ. ನನ್ನ ಪಕ್ಕದ ಕುರ್ಚಿಯಲ್ಲಿ ಅದೇ ಹರಪನಹಳ್ಳಿ ತಾಲೂಕಿನ ಅರಸೀಕೆರೆಯ ಒಬ್ಬರು, ಎಣ್ಣೆ ಗಿರಣಿಯ ಇಂಜಿನಿಯರು.

ಸಾಫ್ಟ್‌ವೇರ್ ಎಂದರೆ ತುಂಬಬೇಕಾದ ಖಾಲಿ ಮನೆಗಳ ಸಾಲು. ರಸ ಎಷ್ಟು, ಬಿಸಿ ಎಷ್ಟು, ಉಗಿ ಎಷ್ಟು, ಕೊಳವೆ ಎಷ್ಟು ಉದ್ದ, ಹಕ್ಕಳೆಗೆಂದು ಎಷ್ಟು ಬಿಡಬೇಕು. ಎಲ್ಲ ತುಂಬಿ ಗುಂಡಿ ಒತ್ತಿದರೆ ಇಡೀ ಹೀಟರಿನ ಚಿತ್ರ ಎದುರಿಗೆ. ಸರಿಯಿದ್ದರೆ ಹಸಿರು ಗುರುತು, ಇಲ್ಲದಿದ್ದರೆ ಕೆಂಪು ಅಕ್ಷರ. ಮೊದಲೆರಡು ದಿನ ನಮ್ಮ ಅರಸೀಕೆರೆಯವರಿಗೆ ಬರೀ ಕೆಂಪು.

"ಇದು ನಮ್ಮ ಮನಿಯಾಕಿ ಇದ್ದಂಗ ಐತ್ರಿ ಅಕ್ಕಾರ," ಎಂದರು ಅವರು. "ತಪ್ಪೈತಿ ಅಂತಾಳ, ಏನು ತಪ್ಪು ಅಂತ ಹೇಳಂಗಿಲ್ಲ."

"ನೀವು ಕೇಳಿರೇನು? ಆ ಕೆಂಪು ಅಕ್ಷರದ ಮ್ಯಾಲ ಒತ್ರಿ, ಎಲ್ಲಾ ಹೇಳ್ತೈತಿ."

ಒತ್ತಿದರು. ಅರ್ಧ ಪುಟದ ದೂರು ತೆರೆದುಕೊಂಡಿತು.

"ಒತ್ತಬಾರದಿತ್ತು ಬಿಡ್ರಿ," ಎಂದು ಕನ್ನಡಕ ತೆಗೆದು ಒರೆಸಿಕೊಂಡರು.

ಗುರುವಾರ ಮಧ್ಯಾಹ್ನ ನಮ್ಮ ನಮ್ಮ ಕಾರ್ಖಾನೆಯ ಲೆಕ್ಕಕ್ಕೆ ಕೂತೆವು. ತಾಸಿಗೆ ಎಷ್ಟು ರಸ ಎಂಬುದನ್ನು ನಮ್ಮ ಕೆಮಿಸ್ಟರಿಗೆ ಫೋನು ಮಾಡಿ ಕೇಳಿಕೊಂಡಿದ್ದೆ. ಅವರು ಹೇಳಿದ ಅಂಕಿಯ ಮೇಲೆ, ಇರಲಿ ಅಂತ, ನೂರಕ್ಕೆ ಹತ್ತು ಸೇರಿಸಿದೆ. ಹಕ್ಕಳೆಗೆ ಬಿಡುವುದನ್ನೂ ಸ್ವಲ್ಪ ಹೆಚ್ಚೇ ಬಿಟ್ಟೆ. ಹೀಟರ್ ಕಟ್ಟಬೇಕಾದವರು ಹಗರಿಬೊಮ್ಮನಹಳ್ಳಿಯ ಮೇಸ್ತ್ರಿ. ಅವರನ್ನು ನಾನು ಚಾಚಾ ಎನ್ನುತ್ತೇನೆ. ಅವರು ಮೊದಲೇ ಹೇಳಿದ್ದರು, "ಒಂದೆರಡು ಸಾಲು ಕೊಳವಿ ಜಾಸ್ತಿ ಬರೀ ಬೇಟಿ, ಕಡಿಮಿ ಅನಸಬಾರದು." ಅದನ್ನೂ ಬರೆದೆ. ಗುಂಡಿ ಒತ್ತಿದೆ. ಎಲ್ಲವೂ ಹಸಿರು.

ಅರಸೀಕೆರೆಯವರು ಬಗ್ಗಿ ನೋಡಿದರು. "ಹಬ್ಬದ ತ್ವಾರಣ ಕಟ್ಟಿದಂಗ ಐತಲ್ರಿ."

ನನಗೂ ಹಾಗೇ ಅನಿಸಿತ್ತು. ಸರ್ ಬಂದು ನಿಂತರು. ಪರದೆಯನ್ನು ಬಹಳ ಹೊತ್ತು ನೋಡಿ ಕೇಳಿದರು:

"ಮೇಡಂ, ನಿಮ್ಮಲ್ಲಿ ದಿನಕ್ಕೆ ಎಷ್ಟು ಕಬ್ಬು ಅರೀತಾರೆ?"

ಹೇಳಿದೆ. ಅವರು ಅಲ್ಲೇ ಕಾಗದದ ಮೇಲೆ ಗುಣಿಸಿದರು.

"ಅಷ್ಟು ಕಬ್ಬಿಗೆ ಇಷ್ಟು ರಸ ಬರೋದಕ್ಕೆ ಸಾಧ್ಯ ಇಲ್ಲ ಅಲ್ವಾ?"

ಮೌಸ್ ತೆಗೆದುಕೊಂಡು ರಸದ ಮನೆಯಲ್ಲಿ ತಮ್ಮ ಅಂಕಿ ಹಾಕಿದರು. ಒತ್ತಿದ್ದೇ ತಡ, ರಸದ ವೇಗದ ಮುಂದಿದ್ದ ಹಸಿರು ಕೆಂಪಾಯಿತು.

"ಇರೋ ರಸಕ್ಕಿಂತ ದಾರಿ ಅಗಲ ಆಯ್ತು. ಆಗ ರಸ ನಿಧಾನ ಆಗುತ್ತೆ. ನಿಧಾನ ಆದ್ರೆ ಮಡ್ಡಿ ಬೇಗ ಕೂರುತ್ತೆ. ಹಕ್ಕಳೆ ಕಟ್ಟಬಾರದು ಅಂತ ನೀವು ಹೆಚ್ಚು ಮಾಡಿದ್ದೀರಿ, ಅದರಿಂದಾನೇ ಹೆಚ್ಚು ಕಟ್ಟುತ್ತೆ. ಇದಕ್ಕೆ ನಾನು ಸಹಿ ಹಾಕೋಕಾಗಲ್ಲ ಮೇಡಂ. ಆ ಅಂಕಿ ಎಲ್ಲಿಂದ ಬಂತು ನೋಡಿ, ನಾಳೆ ಮಧ್ಯಾಹ್ನದವರೆಗೆ ಟೈಮಿದೆ."

ಹೊರಗಿನ ಮೆಟ್ಟಿಲ ಮೇಲೆ ನಿಂತು ಕೆಮಿಸ್ಟರಿಗೆ ಫೋನು ಮಾಡಿದೆ.

"ಲಾಗ್ ಬುಕ್ಕಿನಾಗ ಇರೋದು ಬ್ಯಾರೇರಿ ಮೇಡಂ," ಎಂದರು. "ನೀವು ಡಿಸೈನಿಗಿ ಅಂದ್ರಲ್ಲ, ಅದಕ್ಕ ಸ್ವಲ್ಪ ಕೈಬಿಚ್ಚಿ ಹೇಳಿದೆ."

"ಎಷ್ಟು ಬಿಚ್ಚಿದ್ರಿ?"

"ಅದೂ ನೆನಪಿಲ್ಲ ನೋಡ್ರಿ."

ನಗು ಬಂತು. ಒಳಗೆ ಹೋಗಿ ಸರ್ ಎದುರಿಗೆ ಕೂತು ನಡೆದದ್ದನ್ನೆಲ್ಲ ಬಿಡಿಸಿ ಹೇಳಿದೆ. ಸರ್, ನಮ್ಮ ಕಡೆ ಸಂತೆಯಲ್ಲಿ ಸೇರಿನಲ್ಲಿ ಅಳೆದುಕೊಟ್ಟ ಮೇಲೆ ಇನ್ನೊಂದು ಹಿಡಿ ಮೇಲೆ ಹಾಕುತ್ತಾರೆ. ಅದಕ್ಕೆ ಕೊಸರು ಅನ್ನುತ್ತೇವೆ. ಕೊಸರು ಹಾಕದೆ ಕೊಟ್ಟರೆ ಅಳತೆ ಸರಿಯಿದ್ದರೂ ಕೊಂಡವರ ಮನಸ್ಸು ತುಂಬುವುದಿಲ್ಲ. ಕೆಮಿಸ್ಟರು ನನಗೆ ಕೊಸರು ಹಾಕಿದರು, ಅದರ ಮೇಲೆ ನಾನು ಹಾಕಿದೆ, ಚಾಚಾ ತಮ್ಮದನ್ನೂ ಸೇರಿಸಿದರು. ಎಲ್ಲ ಸೇರಿ ಎಷ್ಟಾಯಿತೆಂದು ಯಾರಿಗೂ ಗೊತ್ತಿಲ್ಲ.

ಸರ್ ಮೊದಲ ಸಲ ಹಲ್ಲು ಬಿಟ್ಟು ನಕ್ಕರು. "ಸಾಫ್ಟ್‌ವೇರು ಹಕ್ಕಳೆಗೆ ಅಂತ ಒಂದು ಮನೆ ಇಟ್ಟಿದೆಯಲ್ಲ ಮೇಡಂ, ಹೆಚ್ಚು ಬಿಡೋದೆಲ್ಲ ಅದೊಂದರಲ್ಲೇ, ಲೆಕ್ಕ ನೋಡಿ ಬಿಡಿ. ಬೇರೆ ಯಾವ ಮನೆಗೂ ಬೇಡ."

ಶುಕ್ರವಾರ ಬೆಳಿಗ್ಗೆ ಕೆಮಿಸ್ಟರು ಲಾಗ್ ಬುಕ್ಕಿನ ಹಾಳೆಗಳ ಫೋಟೊ ಕಳಿಸಿದರು. ಇದ್ದದ್ದನ್ನು ಇದ್ದ ಹಾಗೆ ತುಂಬಿದೆ. ಕೊಳವೆಯ ಸಾಲು ಇಳಿಸಿದೆ, ಉದ್ದ ಹೊಂದಿಸಿದೆ, ಮತ್ತೆ ಒತ್ತಿದೆ. ಹಸಿರು ಬಂತು, ಆದರೆ ಕೂದಲೆಳೆಯ ಮೇಲೆ ನಿಂತಂಥ ಹಸಿರು. ಇನ್ನು ನಾಲ್ಕೇ ನಾಲ್ಕು ಕೊಳವೆ ಸೇರಿಸೆಂದು ನನ್ನ ಬೆರಳು ತುಡಿಯುತ್ತಿತ್ತು. ಬರಿಗೈಯಲ್ಲಿ ನೆಂಟರ ಮನೆಗೆ ಹೊರಟ ಹಾಗಿತ್ತು ಮನಸ್ಸು. ಬೆರಳನ್ನು ಮಡಿಲಲ್ಲಿಟ್ಟುಕೊಂಡು ಸರ್ ಬರುವವರೆಗೆ ಕೂತೆ. ಅವರು ಒಂದೊಂದೇ ಮನೆ ನೋಡಿ, ಎರಡು ಪ್ರಶ್ನೆ ಕೇಳಿ, ಸಹಿ ಹಾಕಿದರು.

ಸಹಿಗಿಂತ ಕಷ್ಟದ್ದು ಹಗರಿಬೊಮ್ಮನಹಳ್ಳಿಯಲ್ಲಿತ್ತು. ನಕ್ಷೆ ನೋಡಿ ಚಾಚಾ ಎಣಿಸಿದರು, ಮತ್ತೊಮ್ಮೆ ಎಣಿಸಿದರು.

"ಹಳೇದಕ್ಕಿಂತ ಕಡಿಮಿ ಅದಾವಲ್ಲ ಬೇಟಿ."

"ಹೂಂ ಚಾಚಾ."

"ಇರ್ಲಿ, ಒಂದು ಸಾಲು ನಾನ ಹಾಕ್ತೀನಿ. ನನ್ನ ಕಡಿಂದ. ನಾಳಿ ಮಂದಿ, ಮುದುಕ ಕೈ ಬಿಗಿ ಮಾಡ್ಯಾನ ಅನ್ನಬಾರದು."

ಈ ಪ್ರೀತಿಯನ್ನು ಹೇಗೆ ಬೇಡ ಅನ್ನುವುದು? ಅಂಗಳದಲ್ಲಿ, ನಮ್ಮ ಕಾರ್ಖಾನೆಯಿಂದ ಕಳಚಿ ತಂದ ಹಳೆಯ ಹೀಟರಿನ ಕೊಳವೆಗಳನ್ನು ಕತ್ತರಿಸಿ ಹಾಕಿದ್ದರು. ಒಂದು ತುಂಡು ಎತ್ತಿ ಅವರ ಕೈಗೆ ಕೊಟ್ಟೆ. ಒಳಗೆ ಬೆರಳು ಹೋಗದಷ್ಟು ಕರಿ ಹಕ್ಕಳೆ.

"ಚಾಚಾ, ಹಳ್ಳ ಬಿಗಿಯಾಗಿ ಹರಿಯೋ ಕಡಿ ಕಲ್ಲು ತೊಳದಿಟ್ಟಂಗ ಇರ್ತಾವ. ಅಗಲ ಆದ ಕಡಿ ಏನಿರ್ತೈತಿ?"

"ರಾಡಿ."

"ಇದೂ ಹಂಗ."

ಅವರು ತುಂಡನ್ನು ಬಹಳ ಹೊತ್ತು ತಿರುಗಿಸಿ ನೋಡಿದರು. "ಇದಕ್ಕೂ ಒಂದು ಸಾಲು ನಾನ ಜಾಸ್ತಿ ಹಾಕಿದ್ದೆ," ಎಂದು ಮೆಲ್ಲಗೆ ಹೇಳಿದರು. ಆಮೇಲೆ ಸೀಮೆಸುಣ್ಣ ತೆಗೆದುಕೊಂಡು, ಕೊಳವೆ ಕೂರಿಸುವ ತಗಡಿನ ಮೇಲೆ ನನ್ನ ನಕ್ಷೆಯಲ್ಲಿ ಇದ್ದಷ್ಟೇ ತೂತುಗಳಿಗೆ ಗುರುತು ಹಾಕತೊಡಗಿದರು.

ಹಂಗಾಮು ಶುರುವಾಯಿತು. ಮೊದಲ ದಿನ ರಸ ಹೇಳಿದಷ್ಟು ಬಿಸಿಯಾಗಿ ಹೊರಗೆ ಬಂತು. ಮ್ಯಾನೇಜರು ಹೂಂ ಎಂದರು, ಅಷ್ಟೆ. ಹೊಸ ಹೀಟರುಗಳೆಲ್ಲ ಮೊದಲ ದಿನ ಚೆನ್ನಾಗಿಯೇ ಕಾಯಿಸುತ್ತವೆ. ನಿಜ ತಿಳಿಯುವುದು ತೆರೆದು ನೋಡಿದಾಗ. ಕೆಲವು ವಾರ ಕಳೆದು, ಗಿರಣಿ ನಿಲ್ಲಿಸಿ ಕೊಳವೆ ತಿಕ್ಕುವ ದಿನ ಬಂತು. ಚಾಚಾ ಎರಡೂ ಕಡೆಯ ಮುಚ್ಚಳ ಬಿಚ್ಚಿಸಿದರು. ಹಿಂದಿನ ಹೀಟರಿಗಾದರೆ ಈ ಹೊತ್ತಿಗೆ ಬ್ರಷ್ ಒಳಗೆ ತೂರುವುದೇ ಒಂದು ಜಗ್ಗಾಟ. ಚಾಚಾ ಬಗ್ಗಿ ಒಂದು ಕೊಳವೆಗೆ ಕಣ್ಣು ಹಚ್ಚಿದರು, ಇನ್ನೊಂದಕ್ಕೆ ಹಚ್ಚಿದರು. ತಿರುಗಿ ನನಗೆ ಕೈ ಮಾಡಿದರು.

"ಬಾ ಬೇಟಿ, ನೋಡು. ಆ ಕಡಿ ನಿಂತೋರು ಕಾಣ್ತಾರ."

ನಾನೂ ಬಗ್ಗಿದೆ. ಕೊಳವೆಯ ಗೋಡೆಗೆ ತೆಳ್ಳನೆಯ ಪೊರೆಯಷ್ಟೇ ಅಂಟಿತ್ತು. ಕೊನೆಯಲ್ಲಿ ದುಂಡಗೆ ಬೆಳಕು, ಆ ಬೆಳಕಿನೊಳಗೆ ಯಾರದೋ ಕನ್ನಡಕ. ಆ ತುದಿಯಿಂದ ಮ್ಯಾನೇಜರೂ ಬಗ್ಗಿ ಇಣುಕುತ್ತಿದ್ದರು.

"ಮೇಡಂ," ಎಂದು ಕೊಳವೆಯೊಳಗಿಂದಲೇ ಅವರ ದನಿ ಬಂತು, "ಎರಡನೇ ಹೀಟರಿಂದೂ ನೀವ ಬರೀರಿ."

"ಆತ್ರಿ ಸರ್," ಎಂದೆ, ನಾನೂ ಕೊಳವೆಯೊಳಗೇ. ಪಕ್ಕದಲ್ಲಿ ಚಾಚಾ ಬ್ರಷ್ಷಿನ ಹಿಡಿಕೆಗೆ ಬಟ್ಟೆ ಸುತ್ತುತ್ತಿದ್ದರು.